ಸೋರೆಬುರುಡೆ, ಕೇದಗೆ ಎಲೆ ಮತ್ತು ಹುಲಾ ಕುಣಿತ

ಮಕ್ಕಳೇ, ಹಿತ್ತಿಲ ಬಳ್ಳಿಯಲ್ಲಿ ಬಿಟ್ಟ ಸೋರೆಕಾಯಿಯನ್ನು ಕೊಯ್ಯದೆ ಹಾಗೇ ಬಿಟ್ಟರೆ ಏನಾಗುತ್ತದೆ ಗೊತ್ತೇ? ಅದು ಬಲಿಯುತ್ತದೆ, ಒಣಗುತ್ತದೆ. ಒಳಗಿನ ತಿರುಳೆಲ್ಲ ಕುಗ್ಗಿ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುತ್ತದೆ. ಆಮೇಲೆ ಅದು ಪಲ್ಯಕ್ಕೆ ಬಾರದು. ಹಾಗೆಂದು ಹಿಂದಿನವರು ಅದನ್ನು ತಿಪ್ಪೆಗೆ ಎಸೆಯುತ್ತಿರಲಿಲ್ಲ. ಬುರುಡೆ ಮಾಡಿ ನೀರು ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ತಂಬೂರಿಗೆ, ವೀಣೆಗೆ ಅದನ್ನೇ ಜೋಡಿಸುತ್ತಿದ್ದರು.

ನಮ್ಮಿಂದ ಬಹುದೂರದಲ್ಲಿ, ಶಾಂತಸಾಗರದ ನಟ್ಟನಡುವೆ ಇರುವ ದ್ವೀಪಗಳಲ್ಲಿ, ಇದೇ ಸೋರೆಬುರುಡೆಯನ್ನು ನೆಲಕ್ಕೆ ಕುಟ್ಟಿ ಆ ತಾಳಕ್ಕೆ ಜನ ಕುಣಿಯುತ್ತಾರೆ. ಆ ದ್ವೀಪಗಳ ಹೆಸರು ಹವಾಯಿ. ಕುಣಿತದ ಹೆಸರು ಹುಲಾ.

ಹವಾಯಿ ಎಷ್ಟು ದೂರ ಎಂದು ಗಡಿಯಾರದಿಂದಲೇ ತಿಳಿಯಬಹುದು. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತಕ್ಕೆ ನೀವು ಊಟ ಮುಗಿಸಿ ಹಾಸಿಗೆ ಹಾಸುವಾಗ, ಅಲ್ಲಿ ಅದೇ ದಿನದ ಬೆಳಗಿನ ಜಾವ ಐದೂವರೆ. ಇನ್ನೂ ಕೋಳಿ ಕೂಗುವ ಹೊತ್ತು! ಆದರೆ ಬಿಸಿಲು ನಮ್ಮದರಂತೆಯೇ, ಏಕೆಂದರೆ ಅಲ್ಲಿನ ದೊಡ್ಡ ದ್ವೀಪ ಹೆಚ್ಚುಕಡಿಮೆ ಮುಂಬೈಯ ಅಕ್ಷಾಂಶದಲ್ಲೇ ಇದೆ. ಸಮುದ್ರದ ತಳದಿಂದ ಉಕ್ಕಿದ ಲಾವಾ ಪದರದ ಮೇಲೆ ಪದರ ಬಿದ್ದು ಈ ದ್ವೀಪಗಳು ಹುಟ್ಟಿದವು. ದೊಡ್ಡ ದ್ವೀಪದ ಕಿಲಾವೆಯಾ ಎಂಬ ಜ್ವಾಲಾಮುಖಿ ಈಗಲೂ ಆಗಾಗ ಕೆಂಪು ಲಾವಾ ಉಗುಳುತ್ತದೆ. ಅದರ ಸುತ್ತಲಿನ ಜಾಗವನ್ನು 1916ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು.

ಜನ ಅಲ್ಲಿಗೆ ಬೆಟ್ಟದ ಬೆಂಕಿ ನೋಡಲು ಹೋಗುತ್ತಾರೆ. ಹೋದವರಿಗೆ ಇನ್ನೊಂದು ಸಂಗತಿಯೂ ಸಿಗುವುದುಂಟು. ಉದ್ಯಾನದವರು ‘ಇಕೆ ಹನ ನೊಎಯವ್’ ಎಂಬ ಹೆಸರಿನಲ್ಲಿ ಉಚಿತ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದ್ದಾರೆ. ನುರಿತ ಕೈಗಳ ಕೆಲಸವನ್ನು ನೀವೇ ಕೂತು ಅರಿಯಿರಿ ಎಂಬುದು ಅದರ ಭಾವ. ಜಗಲಿಯಲ್ಲಿ ಕೂತು ಎಲೆ ಹೆಣೆಯಬಹುದು, ಬಿದಿರಿನ ಅಚ್ಚು ಒತ್ತಬಹುದು. ಉದ್ಯಾನದಲ್ಲೇ ಜ್ವಾಲಾಮುಖಿಯ ಬಾಯಿಗೆ ಎದುರಾಗಿ ಒಂದು ಕುಣಿತದ ಕಟ್ಟೆಯಿದೆ. ಅಲ್ಲಿ ಹಳೆಯ ಕ್ರಮದ ಹುಲಾ ನೋಡಬಹುದು.

ಕುಣಿತವನ್ನೂ ಕೈಕೆಲಸವನ್ನೂ ಒಟ್ಟಿಗೆ ಏಕೆ ಕಲಿಸುತ್ತಾರೆ? ಬನ್ನಿ, ನಾವೂ ಮನಸ್ಸಿನಲ್ಲೇ ಆ ಜಗಲಿ ಹತ್ತಿ ಕೂರೋಣ.

ಮುಳ್ಳು ತೆಗೆದ ಎಲೆ

ಎದುರಿಗೆ ಒಬ್ಬ ಅಜ್ಜಿ ಕೂತಿದ್ದಾರೆ ಎಂದುಕೊಳ್ಳಿ. ಹವಾಯಿಯಲ್ಲಿ ಹಿರಿಯರನ್ನು ‘ಕುಪುನ’ ಎನ್ನುತ್ತಾರೆ. ಆದರೆ ಮಕ್ಕಳು ಗುರುತು ಪರಿಚಯ ಇಲ್ಲದಿದ್ದರೂ ದೊಡ್ಡವರನ್ನು ‘ಆಂಟಿ’, ‘ಅಂಕಲ್’ ಎಂದೇ ಕರೆಯುತ್ತಾರೆ, ಥೇಟ್ ನಿಮ್ಮ ಹಾಗೆ.

ಆಂಟಿಯ ಪಕ್ಕದಲ್ಲಿ ಕಂದುಬಣ್ಣದ ಉದ್ದುದ್ದ ಎಲೆಗಳ ರಾಶಿಯಿದೆ. ಅದು ‘ಲೌಹಾಲ’. ‘ಲೌ’ ಎಂದರೆ ಎಲೆ, ‘ಹಾಲ’ ಮರದ ಹೆಸರು. ಹಾಲ ಮರ ನಮ್ಮ ಕೇದಗೆಯ ಹತ್ತಿರದ ನೆಂಟ. ಎರಡೂ ಪಂಡಾನಸ್ ಎಂಬ ಒಂದೇ ಕುಲದವು. ಕರಾವಳಿಯ ಮಕ್ಕಳಿಗೆ ಈ ಎಲೆಯ ಪರಿಚಯ ಚೆನ್ನಾಗಿಯೇ ಇದೆ. ಹಬ್ಬದ ದಿನ ಮೂಡೆ ಬೇಯಿಸಲು ಅಮ್ಮ ಕೊಟ್ಟೆ ಕಟ್ಟುವುದು ಈ ಕುಲದ ಎಲೆಯಲ್ಲೇ ಅಲ್ಲವೇ? ಕಟ್ಟುವ ಮೊದಲು ಅಂಚಿನ ಮುಳ್ಳು ತೆಗೆಯುತ್ತಾರೆ, ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸುತ್ತಾರೆ. ಹವಾಯಿಯ ಆಂಟಿಯೂ ಮೊದಲು ಮುಳ್ಳನ್ನೇ ತೆಗೆಯುತ್ತಾರೆ: ಎರಡು ಅಂಚಿನಲ್ಲಿ ಎರಡು ಸಾಲು, ಬೆನ್ನಿನ ನಡುನರದಲ್ಲಿ ಒಂದು ಸಾಲು. ಆಮೇಲೆ ಎಲೆ ಒರೆಸಿ, ತೀಡಿ ಮೆತ್ತಗೆ ಮಾಡಿ, ಸುರುಳಿ ಸುತ್ತಿ ಇಡುತ್ತಾರೆ. ಹೆಣೆಯುವಾಗ ಒಂಚೂರು ನೀರು ಸವರುತ್ತಾರೆ.

ನೀರೇಕೆ? ಎಲೆಯ ನಾರುಗಳು ಸೆಲ್ಯುಲೋಸ್ ಎಂಬ ವಸ್ತುವಿನಿಂದಾದವು. ಒಣಗಿದಾಗ ಅವು ಒಂದನ್ನೊಂದು ಬಿಗಿಯಾಗಿ ಹಿಡಿದು ಕೂರುತ್ತವೆ, ಬಗ್ಗಿಸಿದರೆ ಲಟ್ಟನೆ ಮುರಿಯುತ್ತವೆ. ನೀರಿನ ಅಣುಗಳು ನಡುವೆ ನುಸುಳಿದರೆ ಹಿಡಿತ ಸಡಿಲಿ, ನಾರುಗಳು ಪಕ್ಕಕ್ಕೆ ಜಾರಿ ಬಾಗಲು ಜಾಗವಾಗುತ್ತದೆ. ಒಣಗಿ ಗರಿಗರಿಯಾದ ವೀಳ್ಯದೆಲೆಗೆ ನೀರು ಚಿಮುಕಿಸಿದರೆ ಮತ್ತೆ ಮಡಿಸಲು ಬರುವುದೂ ಹೀಗೆಯೇ.

ಈಗ ಹೆಣಿಗೆ. ನೀವು ಬಾಳೆಎಲೆಯನ್ನು ಎಳೆದು ನೋಡಿದ್ದೀರಲ್ಲ? ನರದ ಗುಂಟ ಅದು ಪರ್ರನೆ ಹರಿಯುತ್ತದೆ, ಅಡ್ಡಕ್ಕೆ ಹರಿಯಲು ಹಟ ಮಾಡುತ್ತದೆ. ಹಾಲದ ಎಲೆಯಲ್ಲಿ ನರಗಳೆಲ್ಲ ಉದ್ದಕ್ಕೆ ಸಾಲಾಗಿವೆ. ಉದ್ದಕ್ಕೆ ಜಗ್ಗಿದರೆ ಅದು ಗಟ್ಟಿ, ಸೀಳಿದರೆ ದುರ್ಬಲ. ಆದ್ದರಿಂದ ಆಂಟಿ ಒಂದು ಪಟ್ಟಿಯನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಇಟ್ಟು, ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯಿಸುತ್ತಾರೆ. ಒಂದರ ದುರ್ಬಲ ದಿಕ್ಕಿಗೆ ಇನ್ನೊಂದರ ಬಲ ಆಸರೆ. ಹೀಗೆ ಹೆಣೆದ ಚಾಪೆಯ ಮೇಲೆ ನೀವು ಜಿಗಿದರೂ ಅದು ಹರಿಯದು. ಹಿಂದಿನ ಕಾಲದಲ್ಲಿ ಹವಾಯಿ ಜನ ದೋಣಿಯ ಹಾಯಿಯನ್ನೂ ಈ ಎಲೆಯಿಂದಲೇ ಹೆಣೆಯುತ್ತಿದ್ದರು. ಸಮುದ್ರದ ಗಾಳಿಯನ್ನು ಹಿಡಿದು ನಿಲ್ಲಿಸುವ ಎಲೆ!

ಹೊಸೆದರೆ ಬಿಚ್ಚದು

ಮುಂದಿನ ಪಾಠ ಹಾರದ್ದು. ಹವಾಯಿಯಲ್ಲಿ ಹಾರಕ್ಕೆ ‘ಲೇ’ ಎನ್ನುತ್ತಾರೆ. ಹೂವನ್ನು ಸೂಜಿಯಲ್ಲಿ ಪೋಣಿಸುವ ಲೇ ಉಂಟು, ಜಡೆಯಂತೆ ಹೆಣೆಯುವ ಲೇ ಉಂಟು, ನಾರಿನಿಂದ ಸುತ್ತಿ ಕಟ್ಟುವ ಲೇ ಉಂಟು. ನಮ್ಮ ಹೂವಾಡಗಿತ್ತಿಯರು ಅಲ್ಲಿಗೆ ಹೋದರೆ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಲಿತಾರು.

ಹೊಸಬರಿಗೆ ಸುಲಭವಾದದ್ದು ‘ಕೀ’ ಎಂಬ ಗಿಡದ ಎಲೆಯ ಲೇ. ಕೆಂಪು, ಹಸಿರು ಎಲೆಯ ಈ ಗಿಡವನ್ನು ನಮ್ಮ ಊರಿನ ಅಂಗಳಗಳಲ್ಲೂ ಅಲಂಕಾರಕ್ಕೆ ನೆಡುತ್ತಾರೆ. ನಡುನರ ತೆಗೆದು, ಎಲೆಯನ್ನು ಮೆತ್ತಗೆ ಮಾಡಿ, ಎರಡು ಪಟ್ಟಿಗಳನ್ನು ಸೇರಿಸಿ ಹೊಸೆಯುತ್ತಾರೆ. ಹೀಗೆ ಹೊಸೆಯುವುದಕ್ಕೆ ಅವರ ಮಾತಿನಲ್ಲಿ ‘ಹಿಲೋ’ ಎಂದು ಹೆಸರು.

ಇದನ್ನು ನೀವು ಈಗಲೇ ಮಾಡಿ ನೋಡಬಹುದು. ಮೊಳದುದ್ದದ ಎರಡು ಬಾಳೆನಾರು ಸಾಕು. ಎರಡರ ತುದಿಯನ್ನೂ ಸೇರಿಸಿ ಗಂಟು ಹಾಕಿ, ಗಂಟನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳಿ.

ಮೊದಲ ಹೆಜ್ಜೆ: ಎರಡು ನಾರನ್ನೂ ಬೇರೆಬೇರೆಯಾಗಿ ಬಲಕ್ಕೆ ತಿರುಚಿ.

ಎರಡನೆಯ ಹೆಜ್ಜೆ: ತಿರುಚಿದ ಎರಡನ್ನೂ ಒಂದರ ಮೇಲೊಂದು ಎಡಕ್ಕೆ ದಾಟಿಸಿ.

ಮತ್ತೆ ಬಲಕ್ಕೆ ತಿರುಚು, ಎಡಕ್ಕೆ ದಾಟಿಸು. ತುದಿ ಮುಟ್ಟಿದ ಮೇಲೆ ಕೈ ಬಿಡಿ. ಹುರಿ ಬಿಚ್ಚಿಕೊಳ್ಳುವುದಿಲ್ಲ!

ಕಾರಣ ಇಷ್ಟೇ. ತಿರುಚಿದ ಒಂಟಿ ನಾರು ಯಾವಾಗಲೂ ಮೊದಲಿನಂತಾಗಲು ಹವಣಿಸುತ್ತದೆ. ಬಿಟ್ಟರೆ ಗಿರಗಿರನೆ ಎಡಕ್ಕೆ ತಿರುಗಿ ಬಿಚ್ಚುತ್ತದೆ. ಆದರೆ ಜೋಡಿಯಲ್ಲಿರುವಾಗ, ಎಡಕ್ಕೆ ತಿರುಗಲು ಹೊರಟ ಪ್ರತಿ ನಾರೂ ಪಕ್ಕದ ನಾರನ್ನು ಎಡಕ್ಕೇ ಇನ್ನಷ್ಟು ಬಿಗಿದು ಸುತ್ತುತ್ತದೆ. ಬಿಚ್ಚಿಕೊಳ್ಳುವ ಆಸೆಯೇ ಗಂಟಾಗುತ್ತದೆ. ಬಾವಿ ಹಗ್ಗದಿಂದ ಹಿಡಿದು ತೇರು ಎಳೆಯುವ ಮಿಣಿಯವರೆಗೆ ಎಲ್ಲ ಹಗ್ಗಗಳ ಗುಟ್ಟೂ ಇದೇ.

ತೊಗಟೆ ಬಟ್ಟೆಯಾಗುವುದು

ಹವಾಯಿಯ ಪೂರ್ವಿಕರು ಪಾಲಿನೇಷ್ಯಾದ ದ್ವೀಪಗಳಿಂದ ಜೋಡಿದೋಣಿಗಳಲ್ಲಿ ಬಂದವರು. ಅವರಲ್ಲಿ ಹತ್ತಿಯ ನೂಲು ಇರಲಿಲ್ಲ, ಮಗ್ಗ ಇರಲಿಲ್ಲ. ಆದರೂ ಬಟ್ಟೆ ಇತ್ತು. ಅದರ ಹೆಸರು ‘ಕಪ’. ವೌಕೆ ಎಂಬ ಗಿಡದ ಒಳತೊಗಟೆಯನ್ನು ಸುಲಿದು, ನೆನೆಹಾಕಿ, ಮರದ ದಿಮ್ಮಿಯ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತಿದ್ದರು. ಬಡಿದಷ್ಟೂ ಪಟ್ಟಿ ಅಗಲವಾಗುತ್ತಿತ್ತು. ಎರಡು ಪಟ್ಟಿಗಳ ಅಂಚನ್ನು ಒಂದರ ಮೇಲೊಂದಿಟ್ಟು ಬಡಿದರೆ ಅವು ಹೊಲಿಗೆಯಿಲ್ಲದೆ ಕೂಡಿಕೊಳ್ಳುತ್ತಿದ್ದವು. ನೆನೆದ ನಾರುಗಳು ಪೆಟ್ಟಿಗೆ ಬಿಡಿಸಿಕೊಂಡು ಒಂದರೊಳಗೊಂದು ತೊಡಕಿಕೊಳ್ಳುತ್ತವೆ. ನೀರು ಆರಿದ ಮೇಲೆ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ನಿಮ್ಮ ನೋಟುಬುಕ್ಕಿನ ಹಾಳೆಯನ್ನು ಹಿಡಿದಿಟ್ಟಿರುವುದೂ ಇದೇ ಗುಣ. ಚೀನಾ, ಜಪಾನುಗಳಲ್ಲಿ ಇದೇ ಗಿಡದ ತೊಗಟೆಯಿಂದ ಕಾಗದ ಮಾಡುತ್ತಾರೆ.

ಈ ವೌಕೆ ನಮ್ಮ ಹಿಪ್ಪುನೇರಳೆಯ ಕುಟುಂಬದ್ದು. ರಾಮನಗರದ ಕಡೆ ಹಿಪ್ಪುನೇರಳೆಯ ಎಲೆ ಹುಳುವಿನ ಹೊಟ್ಟೆ ಸೇರಿ, ರೇಷ್ಮೆಯಾಗಿ, ಆಮೇಲೆ ಸೀರೆಯಾಗುತ್ತದೆ. ಹವಾಯಿಯಲ್ಲಿ ಹುಳುವಿನ ಸಹಾಯವೇ ಬೇಡ, ತೊಗಟೆಯೇ ಬಟ್ಟೆ!

ಬಟ್ಟೆಗೆ ಬಣ್ಣ ಬೇಡವೇ? ಹಳದಿಗೆ ಅವರು ಬಳಸಿದ್ದು ‘ಓಲೇನ’. ಯಾವುದು ಗೊತ್ತೇ? ನಮ್ಮ ಅರಿಶಿನ! ಹೊಸ ನೆಲ ಹುಡುಕುತ್ತ ಹೊರಟ ಪೂರ್ವಿಕರು ದೋಣಿಯಲ್ಲಿ ಜೋಪಾನವಾಗಿ ತಂದ ಗಿಡಗಳಲ್ಲಿ ಅರಿಶಿನವೂ ಒಂದು. ಸೋರೆ, ತೆಂಗು, ಬಾಳೆ, ಕಬ್ಬು, ವೌಕೆಗಳೂ ಹಾಗೆಯೇ ದೋಣಿಯಲ್ಲಿ ಬಂದವು. ಕೆಂಪು ಬಣ್ಣಕ್ಕೆ ನೋನಿ ಗಿಡದ ಬೇರಿನ ತೊಗಟೆ. ಅದರ ರಸ ಮೊದಲು ಹಳದಿಯಾಗಿಯೇ ಇರುತ್ತದೆ. ಹವಳ ಸುಟ್ಟು ಮಾಡಿದ ಸುಣ್ಣವನ್ನು ಬೆರೆಸಿದರೆ ಕೆಂಪಾಗುತ್ತದೆ. ಇಂಥದೇ ಜಾದೂ ನಿಮ್ಮ ಮನೆಯಲ್ಲೂ ನಡೆಯುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡಲೇ ನೀರು ಕೆಂಪಾಗುತ್ತದಲ್ಲ? ಸುಣ್ಣ ಒಂದು ಕ್ಷಾರ. ಕ್ಷಾರ ಸೋಕಿದಾಗ ಬಣ್ಣದ ಅಣುವಿನ ರಚನೆ ಸ್ವಲ್ಪ ಬದಲಾಗಿ, ಅದು ಬೆಳಕನ್ನು ಹೀರುವ ರೀತಿಯೇ ಬೇರೆಯಾಗುತ್ತದೆ. ನಮ್ಮ ಕಣ್ಣಿಗೆ ಕೆಂಪು ಕಾಣುತ್ತದೆ. ಗಿಡ ಬೇರೆ, ಊರು ಬೇರೆ, ರಸಾಯನ ವಿಜ್ಞಾನ ಮಾತ್ರ ಒಂದೇ ಜಾತಿಯದು.

ಬುರುಡೆಯೊಳಗಿನ ಗಾಳಿ

ಈಗ ಕುಣಿತದ ಕಟ್ಟೆಗೆ ಹೋಗೋಣ. ಹುಲಾ ಶಾಲೆಗೆ ‘ಹಾಲೌ’ ಎಂದು ಹೆಸರು, ಗುರುವಿಗೆ ‘ಕುಮು’. ಕುಮು ಎಂದರೆ ಮರದ ಬುಡ ಎಂದೂ ಅರ್ಥ. ಬುಡವಿದ್ದರೆ ತಾನೇ ರೆಂಬೆ!

ಕುಮುವಿನ ಮುಂದೆ ‘ಇಪು ಹೆಕೆ’ ಇದೆ. ಎರಡು ಒಣ ಸೋರೆಬುರುಡೆಗಳನ್ನು ಒಂದರ ಮೇಲೊಂದು ಕೂರಿಸಿ ಅಂಟಿಸಿದ ವಾದ್ಯ. ಕೆಳಗಿನದು ದೊಡ್ಡದು, ಮೇಲಿನದು ಚಿಕ್ಕದು, ಮೇಲೆ ತೆರೆದ ಬಾಯಿ. ಅದನ್ನು ಮೆತ್ತನೆಯ ಹಾಸಿನ ಮೇಲೆ ಕುಟ್ಟಿದರೆ ‘ಊ’ ಎಂಬ ಗಂಭೀರ ದನಿ. ಬೆರಳ ತುದಿಯಿಂದ ಪಕ್ಕಕ್ಕೆ ಬಡಿದರೆ ‘ತೆ’ ಎಂಬ ಚುರುಕು ದನಿ. ಊ, ತೆ ತೆ. ಊ, ತೆ ತೆ.

ಒಂದೇ ಬುರುಡೆಯಿಂದ ಎರಡು ದನಿ ಹೇಗೆ? ಕುಟ್ಟಿದಾಗ ಒಳಗಿನ ಗಾಳಿಯೆಲ್ಲ ಒಟ್ಟಿಗೆ ಕುಗ್ಗಿ, ಹಿಗ್ಗಿ, ಮತ್ತೆ ಕುಗ್ಗಿ, ಬಾಯಿಯ ಬಳಿ ಒಳಗೂ ಹೊರಗೂ ಓಡಾಡುತ್ತದೆ. ಗಾಳಿ ಇಲ್ಲಿ ಸ್ಪ್ರಿಂಗಿನಂತೆ. ಹೊಟ್ಟೆ ದೊಡ್ಡದಾದಷ್ಟೂ ಸ್ಪ್ರಿಂಗು ಮೆದು, ಓಡಾಟ ನಿಧಾನ, ದನಿ ತಗ್ಗು. ಬೆರಳಿನಿಂದ ಬಡಿದಾಗ ಮುಖ್ಯವಾಗಿ ಅದುರುವುದು ಬುರುಡೆಯ ಗೋಡೆ. ಅದು ತೆಳ್ಳಗೆ, ಗಟ್ಟಿ, ಬೇಗಬೇಗ ಅದುರುತ್ತದೆ, ದನಿ ಏರು. ಪರೀಕ್ಷಿಸಬೇಕೇ? ಖಾಲಿ ಬಾಟಲಿಯ ಬಾಯಿಯ ಮೇಲೆ ಅಡ್ಡಕ್ಕೆ ಊದಿ. ಊ ಎನ್ನುತ್ತದೆ. ಅರ್ಧ ನೀರು ತುಂಬಿ ಮತ್ತೆ ಊದಿ. ಗಾಳಿಯ ಜಾಗ ಕಡಿಮೆಯಾದ್ದರಿಂದ ದನಿ ಏರಿರುತ್ತದೆ.

ಇನ್ನೊಂದು ವಾದ್ಯದ ಹೆಸರು ಕೇಳಿದರೆ ನಗುತ್ತೀರಿ: ‘ಇಲಿಇಲಿ’! ಇವು ಓಡುವ ಇಲಿಗಳಲ್ಲ, ನೀರಿನಲ್ಲಿ ಉರುಳಿ ನುಣುಪಾದ ಲಾವಾ ಕಲ್ಲುಗಳು. ಒಂದೊಂದು ಕೈಯಲ್ಲಿ ಎರಡೆರಡು ಹಿಡಿದು ಟಿಕಟಿಕ ಎನಿಸುತ್ತ ಕುಣಿಯುತ್ತಾರೆ. ಹೇಳುವಾಗ ಎರಡು ‘ಇಲಿ’ಗಳ ನಡುವೆ ಗಂಟಲನ್ನು ಒಂದು ಕ್ಷಣ ತಡೆಯಬೇಕು. ಆ ತಡೆಗೂ ಹವಾಯಿ ಭಾಷೆಯಲ್ಲಿ ಒಂದು ಅಕ್ಷರವಿದೆ. ಅದನ್ನೂ ಸೇರಿಸಿ ಅವರ ವರ್ಣಮಾಲೆಯಲ್ಲಿ ಇರುವುದು ಬರೀ 13 ಅಕ್ಷರ. ನಿಮಗೆ ಹೊಟ್ಟೆಕಿಚ್ಚಾಯಿತೇ?

ಈ ಕಲ್ಲು ಬಸಾಲ್ಟ್ ಜಾತಿಯದು. ವಿಜಯಪುರದ ಗೋಲಗುಮ್ಮಟ ನೋಡಿದ್ದರೆ ನೀವು ಬಸಾಲ್ಟನ್ನು ಮುಟ್ಟಿದ್ದೀರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ಉತ್ತರ ಕರ್ನಾಟಕದ ನೆಲದ ಮೇಲೂ ಲಾವಾ ಹರಿದು ತಣಿದಿತ್ತು. ಗೋಲಗುಮ್ಮಟದ ಗೋಡೆ ಕಟ್ಟಿದ್ದು ಆ ಕಪ್ಪುಕಲ್ಲಿನಿಂದ.

ಮೊಣಕಾಲು ಬಗ್ಗಿಸಿ

ಕುಣಿಯುವವರನ್ನು ಗಮನಿಸಿ. ಯಾರ ಕಾಲೂ ನೆಟ್ಟಗಿಲ್ಲ, ಮೊಣಕಾಲು ಬಾಗಿವೆ. ಭರತನಾಟ್ಯ ಕಲಿಯುವವರಿಗೆ ಅರಮಂಡಿ ಗೊತ್ತಲ್ಲ, ಹಾಗೆ. ನೀವೂ ಕಾಲು ಜೋಡಿಸಿ ನೆಟ್ಟಗೆ ನಿಲ್ಲಿ, ತಂಗಿಯೋ ತಮ್ಮನೋ ಮೆಲ್ಲಗೆ ಪಕ್ಕದಿಂದ ತಳ್ಳಲಿ. ತೂರಾಡುತ್ತೀರಿ. ಈಗ ಪಾದಗಳನ್ನು ಸ್ವಲ್ಪ ಅಗಲಿಸಿ, ಮೊಣಕಾಲು ಬಗ್ಗಿಸಿ ನಿಲ್ಲಿ. ಅಷ್ಟೇ ತಳ್ಳಿದರೂ ಅಲುಗುವುದಿಲ್ಲ. ಮೈಯ ಗುರುತ್ವ ಕೇಂದ್ರ ಕೆಳಗಿಳಿದಷ್ಟೂ, ಕಾಲಡಿಯ ಜಾಗ ಹಿಗ್ಗಿದಷ್ಟೂ ಬೀಳುವುದು ಕಷ್ಟ. ಬಾಗಿದ ಕಾಲು ಸ್ಪ್ರಿಂಗಿನ ಕೆಲಸವನ್ನೂ ಮಾಡುವುದರಿಂದ ಸೊಂಟ ಅಲೆಯಂತೆ ತೂಗಿದರೂ ತಲೆ, ಭುಜ ನಿಶ್ಚಲವಾಗಿ ಇರಬಲ್ಲವು.

ಕೈಗಳು ಏನು ಮಾಡುತ್ತವೆ? ಕತೆ ಹೇಳುತ್ತವೆ. ಅಲೆ, ಮಳೆ, ಅರಳುವ ಹೂವು, ಬೀಸುವ ಗಾಳಿ ಎಲ್ಲಕ್ಕೂ ಮುದ್ರೆಗಳಿವೆ. ಸುಮಾರು 200 ವರ್ಷಗಳ ಹಿಂದಿನವರೆಗೆ ಹವಾಯಿ ಭಾಷೆಗೆ ಲಿಪಿ ಇರಲಿಲ್ಲ. ಯಾವ ರಾಜನ ಮಗ ಯಾರು, ಯಾವ ಬೆಟ್ಟದಲ್ಲಿ ಎಂಥ ಮಳೆ ಎಂಬುದನ್ನೆಲ್ಲ ಹಾಡು, ತಾಳ, ಕುಣಿತಗಳಲ್ಲೇ ಕಾಪಾಡಿಕೊಂಡರು. ನೀವು ಮಗ್ಗಿಯನ್ನು ರಾಗ ಎಳೆದು ಕಲಿತದ್ದು ಇನ್ನೂ ಮರೆತಿಲ್ಲ ತಾನೇ? ಕೈಯಲ್ಲಿ ಮಾಡಿ ತೋರಿಸುತ್ತ ಕಲಿತ ಮಾತು ಬರಿದೇ ಓದಿದ ಮಾತಿಗಿಂತ ಚೆನ್ನಾಗಿ ನೆನಪಿರುತ್ತದೆ ಎಂದು ಮನೋವಿಜ್ಞಾನಿಗಳೂ ಪ್ರಯೋಗ ಮಾಡಿ ಕಂಡುಕೊಂಡಿದ್ದಾರೆ. ಕಿವಿ, ಕಣ್ಣು, ಕೈಕಾಲು ಎಲ್ಲವೂ ಸೇರಿ ಮಿದುಳಿಗೆ ಒಂದೇ ವಿಷಯ ಹೇಳಿದರೆ ಅದು ಮರೆಯುವುದಾದರೂ ಹೇಗೆ?

ಆದರೂ ಒಂದು ಕಾಲದಲ್ಲಿ ಹುಲಾ ಮರೆತೇಹೋಗುವಂತಿತ್ತು. 1830ರಲ್ಲಿ ಕಾಅಹುಮಾನು ಎಂಬ ರಾಣಿ ಎಲ್ಲರೆದುರು ಹುಲಾ ಕುಣಿಯಬಾರದೆಂದು ತಡೆದಳು. ಮುಂದೆ, ಕುಣಿದು ತೋರಿಸಬೇಕಾದರೆ ಹಣ ಕಟ್ಟಿ ಪರವಾನಗಿ ಪಡೆಯಬೇಕೆಂಬ ಕಾನೂನೂ ಬಂತು. ಹಳ್ಳಿಗಳಲ್ಲಿ ಕೆಲವರು ಸದ್ದಿಲ್ಲದೆ ಮಕ್ಕಳಿಗೆ ಕಲಿಸುತ್ತಲೇ ಇದ್ದರು. 1883ರಲ್ಲಿ ಕಲಾಕೌವಾ ಎಂಬ ರಾಜ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಹುಲಾವನ್ನು ಮತ್ತೆ ಬಯಲಿಗೆ ತಂದ. ಅವನ ನೆನಪಿನಲ್ಲೇ ಈಗ ಹಿಲೋ ಎಂಬ ಊರಿನಲ್ಲಿ ಪ್ರತಿವರ್ಷ ಮೆರಿ ಮೊನಾರ್ಕ್ ಉತ್ಸವ ನಡೆಯುತ್ತದೆ. ಅಲ್ಲಿನ ಹುಲಾ ಸ್ಪರ್ಧೆ 1971ರಿಂದ ಇದೆ. ಓಆಹು ದ್ವೀಪದಲ್ಲಿ 1978ರಲ್ಲಿ ಶುರುವಾದ ಪ್ರಿನ್ಸ್ ಲಾಟ್ ಹುಲಾ ಉತ್ಸವದಲ್ಲಿ ಸ್ಪರ್ಧೆಯೇ ಇಲ್ಲ.

ಒಮ್ಮೆ ಕುಣಿದು ತೋರಿಸಲು ಹಣ ಕಟ್ಟಬೇಕಿದ್ದ ನೆಲದಲ್ಲಿ ಈಗ ಬಂದವರಿಗೆಲ್ಲ ಪುಕ್ಕಟೆ ಕಲಿಸುವ ಜಗಲಿಗಳಿವೆ. ಗುಟ್ಟಾಗಿ ಕಾಪಾಡಿದ ವಿದ್ಯೆಯ ಬೆಲೆ ಅವರಿಗೆ ಗೊತ್ತು. ಒಬ್ಬರಲ್ಲೇ ಉಳಿದರೆ ಆ ಒಬ್ಬರೊಂದಿಗೇ ಹೋಗಿಬಿಡುತ್ತದೆ ಎಂಬುದೂ ಗೊತ್ತು.

ಕಾಡಿಲ್ಲದೆ ಕುಣಿತವಿಲ್ಲ

ನಮ್ಮ ಪ್ರಶ್ನೆ ಮರೆತಿಲ್ಲವಷ್ಟೇ? ಕುಣಿತದ ಜೊತೆ ಕೈಕೆಲಸವೇಕೆ? ಹುಲಾದ ಹಾರ, ಉಡುಪು, ವಾದ್ಯ ಎಲ್ಲವೂ ಗಿಡಮರಗಳಿಂದ ಬರುತ್ತವೆ. ಕುಣಿಯುವವರು ತಾವೇ ಕಾಡಿಗೆ ಹೋಗಿ, ಗಿಡದ ಅಪ್ಪಣೆ ಕೇಳಿ, ಬೇಕಾದಷ್ಟನ್ನೇ ಕೊಯ್ಯುತ್ತಾರೆ. ಬಾಡಿದ ಲೇಯನ್ನು ಕಸಕ್ಕೆ ಎಸೆಯದೆ ಮಣ್ಣಿಗೇ ಒಪ್ಪಿಸುತ್ತಾರೆ.

ಲಾವಾ ತಣಿದ ಬರಡು ನೆಲದಲ್ಲಿ ಮೊದಮೊದಲು ಬೇರೂರುವ ಮರ ಓಹಿಯಾ. ಅದರ ಕೆಂಪು ಹೂ ಹುಲಾದವರಿಗೆ ಬಲು ಪ್ರೀತಿ. ಈ ಮರಗಳು ದಿಢೀರನೆ ಒಣಗತೊಡಗಿದವು. ಒಂದು ಶಿಲೀಂಧ್ರ ಗಾಯದ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ ಎಂದು ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. ರೆಂಬೆ ಮುರಿದರೂ ಗಾಯ, ಬೂಟಿನ ಮಣ್ಣಿನಲ್ಲೂ ರೋಗ. ಆಗ ಹುಲಾ ಗುರುಗಳೇ ಮುಂದೆ ಬಂದು ಓಹಿಯಾ ಬೇಡ, ಬೇರೆ ಹೂವು ಮುಡಿಯೋಣ ಎಂದರು. ಈಗ ಕಾಡಿಗೆ ಹೋಗುವವರು ಬೂಟನ್ನು ಉಜ್ಜಿ, ಆಲ್ಕೊಹಾಲ್ ಸಿಂಪಡಿಸಿ ಹೋಗುತ್ತಾರೆ. ಮರವನ್ನು ಬಲ್ಲವರಾದ್ದರಿಂದಲೇ ಅದನ್ನು ಮುಟ್ಟದೆ ಇರುವುದೂ ಅವರಿಗೆ ಸಾಧ್ಯವಾಯಿತು.

ಸರಿ, ಜಗಲಿ ಇಳಿದು ಊರಿಗೆ ಬರೋಣ. ಈ ಸಲ ಒಂದು ಸೋರೆಕಾಯಿಯನ್ನು ಬಳ್ಳಿಯಲ್ಲೇ ಬಿಡಿ ಎಂದು ಅಜ್ಜಿಗೆ ಹೇಳಿ. ‘ಯಾಕೋ ಮಗಾ?’ ಎಂದು ಅಜ್ಜಿ ಕೇಳಿದರೆ ಹವಾಯಿಯ ಕತೆ ಹೇಳಿ. ಕತೆ ಮುಗಿದ ಮೇಲೆ ಸುಮ್ಮನೆ ಎದ್ದು ಹೋಗಬೇಡಿ, ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಬುರುಡೆ ಒಣಗಿಸುವುದು ಹೇಗೆ, ಬಾಳೆನಾರು ಹೊಸೆಯುವುದು ಹೇಗೆ, ಮೂಡೆಯ ಕೊಟ್ಟೆಗೆ ಕಡ್ಡಿ ಚುಚ್ಚುವುದು ಎಲ್ಲಿ ಎಂದು ಅಜ್ಜಿ ತಾವಾಗಿಯೇ ಶುರು ಮಾಡಿಯಾರು. ಆ ಪಾಠಕ್ಕೂ ಶುಲ್ಕವಿಲ್ಲ.